ಪರಿಸ್ಥಿತಿ ಹತೋಟಿಯಲ್ಲಿದೆ: ಸಾರ್ವಜನಿಕ ಪ್ರಸಾರದ ಸುದ್ದಿ ಮತ್ತು ಪಕ್ಷಪಾತ



ನಾನು ಇವತ್ತು ಇಲ್ಲಿ ನಿಂತಿರುವುದಕ್ಕೆ ಒಂದು ಅಂಚೆ ಕಾರ್ಡು ಕಾರಣ. ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಆಗ ನಾನು ಒಂದು ಬಾನುಲಿ ಕೇಂದ್ರದ ಸುದ್ದಿ ವಿಭಾಗದಲ್ಲಿ ಅನುವಾದಕ, ವಾಚಕ ಎರಡೂ ಆಗಿದ್ದೆ. ಕಾಯಂ ಅಲ್ಲ, ತಿಂಗಳಿಗೆ ಐದಾರು ದಿನ ಡ್ಯೂಟಿ ಸಿಗುವ ಕ್ಯಾಶುಯಲ್. ಕೇಳುಗರ ಪತ್ರಗಳು ಸಾಮಾನ್ಯವಾಗಿ ಹಾಡಿನವರಿಗೆ, ನಾಟಕದವರಿಗೆ ಬರುತ್ತಿದ್ದವು. ಸುದ್ದಿಯವರಿಗೆ ಬಂದರೆ ಅದು ಉಚ್ಚಾರಣೆಯ ತಪ್ಪು ಹಿಡಿದ ಪತ್ರವೇ. ಈ ಕಾರ್ಡು ಹಾಗಿರಲಿಲ್ಲ. ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು ಒಂದು ವಾರ ಸಂಜೆಯ ವಾರ್ತೆ ಕೇಳಿ, ವಾಕ್ಯದ ಕೊನೆಯ ಕ್ರಿಯಾಪದಗಳನ್ನು ಎಣಿಸಿ ಬರೆದಿದ್ದರು. ಮಂತ್ರಿಗಳೆಲ್ಲ ‘ತಿಳಿಸಿದ್ದಾರೆ’, ವಿರೋಧ ಪಕ್ಷದವರೆಲ್ಲ ‘ಆರೋಪಿಸಿದ್ದಾರೆ’, ಇದು ಏಕೆ ಎಂಬುದಷ್ಟೇ ಪ್ರಶ್ನೆ. ಕೆಳಗೆ ‘ತಮ್ಮ ಕೇಳುಗ’ ಎಂದು ಸಹಿ.

ನಾನು ಉತ್ತರ ಬರೆಯಲಿಲ್ಲ. ಬರೆಯಲು ಉತ್ತರ ಇರಲೂ ಇಲ್ಲ. ಕಾರ್ಡನ್ನು ನಿಘಂಟಿನೊಳಗೆ ಇಟ್ಟುಕೊಂಡೆ. ಮುಂದೆ ಎಂದೋ ಒಂದು ಲೇಖನದಲ್ಲಿ ಆ ಸಂಗತಿ ಪ್ರಸ್ತಾಪಿಸಿದ್ದನ್ನು ಓದಿ ಮೇಷ್ಟ್ರ ಮಗಳು ಫೋನು ಮಾಡಿದರು. “ಅದು ನಮ್ಮ ಅಪ್ಪಾಜಿ ಬರೆದ ಕಾರ್ಡು, ಅವರ ಹೆಸರಿನಲ್ಲೇ ಒಂದು ದತ್ತಿ ಇದೆ, ಈ ಸಲ ನೀವೇ ಬರಬೇಕು” ಎಂದರು. ಬಹಳ ತಡವಾಗಿ ಬಂದ ಉತ್ತರ ಎಂದು ಈ ಉಪನ್ಯಾಸವನ್ನು ತಿಳಿಯಿರಿ.

ಸುದ್ದಿ ಮನೆಯ ಆ ಮೇಜಿನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ನನಗೆ ಖಾತ್ರಿಯಾಗಿ ಗೊತ್ತಿರುವುದು ಅದೊಂದೇ. ಇಂಗ್ಲಿಷಿನ ಮೂಲ ಪ್ರತಿಗೆ ನಾವು ‘ಪೂಲ್’ ಎನ್ನುತ್ತೇವೆ. ವಾರ್ತೆಗೆ ಗಂಟೆ, ಗಂಟೆಕಾಲು ಇದೆ ಎನ್ನುವಾಗ ಪೂಲ್ ಮೇಜಿಗೆ ಬಂದು ಬೀಳುತ್ತದೆ. ಅಷ್ಟರಲ್ಲಿ ಅನುವಾದಿಸಬೇಕು, ಒಮ್ಮೆ ಗಟ್ಟಿಯಾಗಿ ಓದಿ ನಾಲಗೆ ತಡವರಿಸುವ ಕಡೆ ತಿದ್ದಬೇಕು, ಸ್ಟುಡಿಯೋಗೆ ಓಡಬೇಕು. ಒಂದು ದಿನ ಬರಗಾಲದ ಸುದ್ದಿ ಇತ್ತು. ಮೇವಿಗೆ ಕೊರತೆ ಇಲ್ಲ ಎಂದು ಮಂತ್ರಿ ‘ಸೆಡ್’. ರೈತರು ದನ ಮಾರುತ್ತಿದ್ದಾರೆ ಎಂದು ವಿರೋಧ ಪಕ್ಷದ ನಾಯಕರು ‘ಸೆಡ್’. ಎರಡು ಕಡೆಯೂ ಅದೇ ಪದ. ನನ್ನ ಕೈ ಮಂತ್ರಿಗೆ ‘ತಿಳಿಸಿದ್ದಾರೆ’ ಎಂದು ಬರೆಯಿತು, ನಾಯಕರಿಗೆ ‘ಆರೋಪಿಸಿದ್ದಾರೆ’ ಎಂದು ಬರೆಯಿತು. ಹಾಗೆ ಬರೆ ಎಂದು ಯಾರೂ ಹೇಳಿರಲಿಲ್ಲ. ಯಾವ ಮಂತ್ರಿಯೂ ಫೋನು ಮಾಡಿರಲಿಲ್ಲ. ಸಂಪಾದಕರು ಆ ಹಾಳೆಯನ್ನು ನೋಡಿಯೂ ಇರಲಿಲ್ಲ.

ಕನ್ನಡದಲ್ಲಿ ‘ತಿಳಿಸು’ ಎಂದರೆ ಇರುವ ಸಂಗತಿಯನ್ನು ದಾಟಿಸುವುದು. ಮೇವಿಗೆ ಕೊರತೆ ಇಲ್ಲವೆಂದು ಅವರು ತಿಳಿಸಿದರು ಅಂದಕೂಡಲೇ ಕೊರತೆ ಇಲ್ಲ ಎನ್ನುವುದು ಮುಗಿದ ವಿಷಯ. ‘ಆರೋಪಿಸು’ ಎಂದರೆ ಸಾಬೀತಾಗಬೇಕಾದ ಮಾತು, ಒಂದಿಷ್ಟು ಹೊಟ್ಟೆಕಿಚ್ಚೂ ಸೇರಿರಬಹುದಾದ ಮಾತು. ಇನ್ನೂ ಎಷ್ಟೊಂದಿವೆ: ಸ್ಪಷ್ಟಪಡಿಸಿದ್ದಾರೆ, ಭರವಸೆ ನೀಡಿದ್ದಾರೆ, ದೂರಿದ್ದಾರೆ, ಹರಿಹಾಯ್ದಿದ್ದಾರೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆ ನಮ್ಮದು. ಕೇಳುಗನ ಕಿವಿಯಲ್ಲಿ ಕಡೆಗೆ ಉಳಿಯುವುದೂ ಅದೇ.

ಲಾಠಿಯ ವಿಷಯ ಇನ್ನೂ ಸ್ವಾರಸ್ಯ. ‘ಪೊಲೀಸರು ಹೊಡೆದರು’ ಎಂಬ ವಾಕ್ಯದಲ್ಲಿ ಪೊಲೀಸರಿದ್ದಾರೆ. ‘ಲಘು ಲಾಠಿ ಪ್ರಹಾರ ನಡೆಸಲಾಯಿತು’ ಎಂಬುದರಲ್ಲಿ ಲಾಠಿ ಮಾತ್ರ ಇದೆ, ಹಿಡಿದ ಕೈ ಇಲ್ಲ. ಲಘು ಎಂದು ತೂಗಿ ಹೇಳಿದವರು ಯಾರು? ಪೆಟ್ಟು ತಿಂದವನಂತೂ ಅಲ್ಲ. ಗಲಭೆಯ ಸುದ್ದಿಯ ಕೊನೆಗೆ ‘ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ಹತೋಟಿಯಲ್ಲಿದೆ’ ಎಂಬ ವಾಕ್ಯ ಬಂತೆಂದರೆ ನಮ್ಮ ತಲೆಮಾರಿನವರಿಗೆ ಮುಂದಿನ ಸುದ್ದಿಗೆ ಹೋಗುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ನಾನೇ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಓದುವಾಗ ಧ್ವನಿ ಸ್ವಲ್ಪವೂ ಏರಬಾರದು, ಇಳಿಯಬಾರದು ಎಂಬುದೇ ನಮಗೆ ಕೊಟ್ಟ ತರಬೇತಿ. ಸಮಧ್ವನಿಯನ್ನೇ ಜನ ನಿಷ್ಪಕ್ಷಪಾತ ಎಂದು ತಿಳಿದರು. ನಾವೂ ಹಾಗೇ ತಿಳಿದುಕೊಂಡಿದ್ದೆವು. ಇವತ್ತು ಖಾಸಗಿ ವಾಹಿನಿಗಳ ಕಿರುಚಾಟದಿಂದ ರೋಸಿಹೋಗಿ ‘ದೂರದರ್ಶನವೇ ವಾಸಿ ಕಣ್ರೀ’ ಎನ್ನುವವರಿಗೂ ಆಗಿರುವುದು ಅದೇ ಭ್ರಮೆ ಎಂದು ನನ್ನ ಅನುಮಾನ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ‘ಆಕಾಶವಾಣಿ’ ಎಂಬ ಹೆಸರು ದೆಹಲಿಗೆ ಹೋದದ್ದು ಮೈಸೂರಿನಿಂದ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಕೇಂದ್ರ ಹೂಡಿದರು. ನಾ. ಕಸ್ತೂರಿಯವರು ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ಅದೇ ವರ್ಷ ಬಿಬಿಸಿಯಿಂದ ಬಂದ ಲಯೊನೆಲ್ ಫೀಲ್ಡನ್ ಎಂಬಾತ ಸರ್ಕಾರಿ ಬಾನುಲಿಯ ಹೊಣೆ ಹೊತ್ತ. 1936ರಲ್ಲಿ ಅದು ಆಲ್ ಇಂಡಿಯಾ ರೇಡಿಯೋ ಆಯಿತು. ಇಪ್ಪತ್ತು ವರ್ಷದ ಮೇಲೆ ಆ ಸರ್ಕಾರಿ ಬಾನುಲಿಗೆ ಮೈಸೂರಿನ ಮನೆ ಬಾನುಲಿಯ ಹೆಸರು ಬಂತು.

ಪುರಾಣದ ಆಕಾಶವಾಣಿ ಯಾರ ಸುದ್ದಿ ಓದಿತು ಎಂಬುದನ್ನು ನಾವು ಮರೆತಿದ್ದೇವೆ. ತಂಗಿಯ ಮದುವೆಯ ದಿಬ್ಬಣದಲ್ಲಿ ತಾನೇ ರಥ ಹೊಡೆಯುತ್ತಿದ್ದ ಕಂಸನಿಗೆ, ಇವಳ ಎಂಟನೆಯ ಮಗು ನಿನ್ನನ್ನು ಕೊಲ್ಲುತ್ತದೆ ಎಂದು ಕೇಳಿಸಿದ ಅಶರೀರವಾಣಿ ಅದು. ಅರಸನಿಗೆ ಬೇಡದ ಸುದ್ದಿ, ಅರಸನ ಎದುರಿಗೇ, ಮೆರವಣಿಗೆಯ ಮಧ್ಯದಲ್ಲಿ. ಕಂಸ ಕೇಳಿದವರನ್ನು ಸೆರೆಗೆ ಹಾಕಿದ. ಹೇಳಿದ ವಾಣಿಯನ್ನು ಹಿಡಿಯಲಾಗಲಿಲ್ಲ, ಅದಕ್ಕೆ ಶರೀರ ಇರಲಿಲ್ಲವಲ್ಲ. ನಮ್ಮ ಆಕಾಶವಾಣಿಗೆ ಶರೀರವಿದೆ: ಕಟ್ಟಡ, ಬಡ್ತಿ, ವರ್ಗಾವಣೆ, ಬಜೆಟ್ ಎಲ್ಲ ಇದೆ. ಕಷ್ಟ ಇರುವುದೇ ಅಲ್ಲಿ.

ಬಿಬಿಸಿ ಎಂದರೆ ನಿಷ್ಪಕ್ಷಪಾತದ ತವರುಮನೆ ಎಂದು ನಮ್ಮಲ್ಲಿ ಬಹಳ ಕಾಲ ನಂಬಿದ್ದೆವು. ಆ ತವರಿನ ಮೊದಲ ಪರೀಕ್ಷೆಯನ್ನು ನೋಡಿ. 1926ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ. ಅಚ್ಚುಮೊಳೆಯವರೂ ಮುಷ್ಕರದಲ್ಲಿದ್ದುದರಿಂದ ಪತ್ರಿಕೆಗಳಿಲ್ಲ, ಜನರಿಗೆ ರೇಡಿಯೋ ಒಂದೇ ಗತಿ. ಬಿಬಿಸಿ ಆಗ ಇನ್ನೂ ನಾಲ್ಕು ವರ್ಷ ತುಂಬದ ಕೂಸು, ಒಂದು ಕಂಪನಿ. ರೇಡಿಯೋವನ್ನು ಸರ್ಕಾರ ಕೈಗೆ ತೆಗೆದುಕೊಳ್ಳಲಿ ಎಂದು ಚರ್ಚಿಲ್ ಪಟ್ಟು ಹಿಡಿದರು. ಪ್ರಧಾನಿ ಬಾಲ್ಡ್ವಿನ್ ಒಪ್ಪಲಿಲ್ಲ. ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಸಂಸ್ಥೆಯನ್ನು ಉಳಿಸಿದರು. ಹೇಗೆ ಉಳಿಸಿದರು? ಪ್ರಧಾನಿ ಮಾತಾಡಿದ್ದು ರೀತ್ ಅವರ ಮನೆಯಿಂದಲೇ. ಲೇಬರ್ ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರಿಗೆ ಮೈಕು ಸಿಗಲಿಲ್ಲ. ರಾಜಿಗೆ ಕರೆ ಕೊಡಲು ಹೊರಟ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರನ್ನೂ ಮೊದಲು ತಡೆದರು, ಬಿಟ್ಟದ್ದು ಮುಷ್ಕರ ಮುಗಿಯುವ ಹೊತ್ತಿಗೆ. ನಾವು ನಿಜವಾಗಿ ನಿಷ್ಪಕ್ಷಪಾತವಾಗಿ ಇರುವುದಿಲ್ಲ ಎಂಬ ನಂಬಿಕೆ ಸರ್ಕಾರಕ್ಕಿದೆ ಎಂಬರ್ಥದ ಮಾತನ್ನು ರೀತ್ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಮುಂದಿನ ಜನವರಿಯಲ್ಲಿ ರಾಜಸನ್ನದು ಪಡೆದು ಬಿಬಿಸಿ ನಿಗಮವಾಯಿತು.

ಆದರೂ ಮೂವತ್ತು ವರ್ಷದ ನಂತರ, 1956ರ ಸೂಯೆಜ್ ಯುದ್ಧದ ಹೊತ್ತಿಗೆ, ಅದೇ ಬಿಬಿಸಿ ಪ್ರಧಾನಿ ಈಡನ್ ಅವರ ಸಿಟ್ಟನ್ನು ಲೆಕ್ಕಿಸದೆ ವಿರೋಧ ಪಕ್ಷದ ಗೇಟ್ಸ್‌ಕೆಲ್ ಅವರಿಗೆ ಉತ್ತರಿಸಲು ಸಮಯ ಕೊಟ್ಟಿತು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ‘ನಮ್ಮ ಪಡೆಗಳು’ ಎನ್ನದೆ ‘ಬ್ರಿಟಿಷ್ ಪಡೆಗಳು’ ಎಂದದ್ದಕ್ಕೆ ಥ್ಯಾಚರ್ ಕೆಂಡಾಮಂಡಲವಾದರು. ನೋಡಿ, ಅಲ್ಲೂ ಜಗಳ ಒಂದು ಸರ್ವನಾಮಕ್ಕೆ. ರೀತ್ ಕಾಲದಿಂದ ಅಲ್ಲಿಗೆ ಬರಲು ಬಿಬಿಸಿಗೆ ಆದದ್ದು ಜ್ಞಾನೋದಯವಲ್ಲ. ಲೈಸೆನ್ಸ್ ಶುಲ್ಕ ನೇರವಾಗಿ ಕೇಳುಗರ ಮನೆಯಿಂದ ಬರುತ್ತಿತ್ತು, ಸುದ್ದಿ ಸಂಪಾದಕರನ್ನು ಮಂತ್ರಿ ವರ್ಗಾಯಿಸುವಂತಿರಲಿಲ್ಲ.

ಇನ್ನು ನಮ್ಮ ಕಥೆ. ನನಗೆ ಆಗ ಹನ್ನೊಂದು ವರ್ಷ. ನಮ್ಮೂರು ಆಗಿನ ಬಿಜಾಪುರ ಜಿಲ್ಲೆಯಲ್ಲಿ. 1975ರ ಜೂನ್ 26ರ ಬೆಳಗ್ಗೆ ಇಂದಿರಾ ಗಾಂಧಿಯವರು ರೇಡಿಯೋದಲ್ಲಿ ತುರ್ತು ಪರಿಸ್ಥಿತಿ ಸಾರಿದರು. ಅದಾಗಿ ಐದು ವಾರಕ್ಕೆ, ಆಗಸ್ಟ್ 1ರಂದು, ನಮ್ಮ ಕಡೆಯ ಹಳ್ಳಿಗಳಿಗೆ ಟಿವಿ ಬಂತು! ಅಮೆರಿಕದ ಉಪಗ್ರಹದಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಒಂದು ವರ್ಷದ ಪ್ರಯೋಗ. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರಿನ ಹಳ್ಳಿಗಳಿಗೆ ಆ ಭಾಗ್ಯ. ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಲರಿಯಂಥ ದೊಡ್ಡ ಛತ್ರಿ. ಸಂಜೆಯಾದರೆ ಅಂಗಳದ ತುಂಬ ಜನ. ಕೃಷಿಯದು, ಆರೋಗ್ಯದ್ದು ಕನ್ನಡದಲ್ಲಿ ಬರುತ್ತಿತ್ತು, ಸುದ್ದಿ ಮಾತ್ರ ಹಿಂದಿಯಲ್ಲಿ. ಸುದ್ದಿ ಶುರುವಾದಾಗ ಹೆಂಗಸರು ಎದ್ದು ರೊಟ್ಟಿ ಬಡಿಯಲು ಹೋಗುತ್ತಿದ್ದರು. ದೇಶದ ಅತಿ ಹಿಂದುಳಿದ ಮೂಲೆಗೆ ಆ ಕಾಲದ ಅತಿ ಹೊಸ ಯಂತ್ರ ಬಂದದ್ದು ಸೆನ್ಸಾರ್ ಅತಿ ಬಿಗಿಯಾಗಿದ್ದ ವರ್ಷದಲ್ಲಿ.

ಅತ್ತ ಬೆಂಗಳೂರಿನಲ್ಲಿ, ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ಜೂನ್ 26ರಂದೇ ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಿದರು. ಈಗಿನ ಫ್ರೀಡಂ ಪಾರ್ಕು ಆ ಜೈಲಿದ್ದ ಜಾಗ. ದೆಹಲಿಯಲ್ಲಿ ವಾರ್ತಾ ಮಂತ್ರಿ ಐ.ಕೆ. ಗುಜ್ರಾಲರ ಖಾತೆ ಹೋಯಿತು. ಸುದ್ದಿ ಪ್ರತಿಗಳನ್ನು ಪ್ರಸಾರಕ್ಕೆ ಮುಂಚೆ ತನಗೆ ತೋರಿಸಬೇಕೆಂಬ ಸಂಜಯ್ ಗಾಂಧಿಯವರ ಬೇಡಿಕೆಗೆ ಅವರು ಮಣಿಯಲಿಲ್ಲ ಎಂಬುದು ಪ್ರಸಿದ್ಧ. ಅವರ ಜಾಗಕ್ಕೆ ವಿ.ಸಿ. ಶುಕ್ಲಾ ಬಂದರು. ಕಾಂಗ್ರೆಸ್ಸಿನ ಕಾರ್ಯಕ್ರಮದಲ್ಲಿ ಹಾಡಲು ಒಪ್ಪದ ಕಿಶೋರ್ ಕುಮಾರ್ ಅವರ ಹಾಡುಗಳು 1976ರಲ್ಲಿ ಬಾನುಲಿಯಿಂದ ಮಾಯವಾದವು. 1977ರ ಫೆಬ್ರುವರಿಯಲ್ಲಿ, ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ದೊಡ್ಡ ಸಭೆ ಇದ್ದ ಭಾನುವಾರ, ದೂರದರ್ಶನ ‘ಬಾಬಿ’ ಸಿನಿಮಾ ಹಾಕಿತು. ಮೈದಾನ ಆದರೂ ತುಂಬಿತು.

ನಮ್ಮಜ್ಜ ಪಂಚಾಯಿತಿ ಕಟ್ಟೆಯ ರೇಡಿಯೋ ಕೇಳಿಬಂದು ಒಂದು ದಿನ ಅಂದದ್ದು ನೆನಪಿದೆ: “ಊರಾಗ ಎಲ್ಲಾರೂ ಬೈಲಾಕ ಹತ್ಯಾರ, ರೇಡಿಯೋದಾಗ ಮಾತ್ರ ಒಬ್ಬಾಂವನೂ ಬೈವಲ್ಲ ನೋಡು.” ಅಜ್ಜ ಸಾಲಿ ಕಲಿತವನಲ್ಲ.

ಇಲ್ಲಿ ಒಂದು ಲೆಕ್ಕ ನನ್ನನ್ನು ಬಹಳ ಕಾಲ ಕಾಡಿದೆ. 1977ರ ಮಾರ್ಚಿನ ಚುನಾವಣೆಯಲ್ಲಿ ಉತ್ತರ ಪ್ರದೇಶದ 85ರಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್ಸಿಗೆ ಒಂದು ಸೀಟೂ ಬರಲಿಲ್ಲ. ಕರ್ನಾಟಕದಲ್ಲಿ 28ರಲ್ಲಿ 26 ಬಂದವು. ರೇಡಿಯೋ ಎಲ್ಲ ಕಡೆಗೂ ಒಂದೇ, ಪೂಲ್ ಒಂದೇ. ಹಾಗಾದರೆ ಪಕ್ಷಪಾತದ ಸುದ್ದಿಯಿಂದ ಓಟು ಬೀಳುತ್ತದೆ ಎಂದು ಹೇಗೆ ಹೇಳುವುದು? ಲಖನೌದವರು ರೇಡಿಯೋ ನಂಬಲಿಲ್ಲ, ನಾವು ನಂಬಿದೆವು ಎಂದೇ? ಹಾಗಲ್ಲ. ಅಲ್ಲಿ ಬಲವಂತದ ಸಂತಾನಹರಣದ ಸುದ್ದಿಯನ್ನು ಜನ ತಮ್ಮ ಓಣಿಯಲ್ಲೇ ಕಂಡರು. ಇಲ್ಲಿ ದೇವರಾಜ ಅರಸರ ಭೂಸುಧಾರಣೆಯನ್ನು ತಮ್ಮ ಹೊಲದಲ್ಲೇ ಕಂಡರು. ಎರಡು ಕಡೆಯೂ ರೇಡಿಯೋ ಲೆಕ್ಕಕ್ಕೇ ಬರಲಿಲ್ಲ. ಪಕ್ಷಪಾತದಿಂದ ಸರ್ಕಾರಕ್ಕೆ ಲಾಭವಾಗುತ್ತದೆ ಎಂಬುದನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನಷ್ಟವನ್ನಂತೂ ಕಣ್ಣಾರೆ ನೋಡಿದ್ದೇನೆ.

1984ರ ಅಕ್ಟೋಬರ್ 31. ನಾನು ಕಾಲೇಜು ಹಾಸ್ಟೆಲಿನಲ್ಲಿದ್ದೆ. ಬೆಳಗ್ಗೆ ಒಂಬತ್ತೂ ಕಾಲರ ಸುಮಾರಿಗೆ ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಗುಂಡು ಬಿದ್ದಿತ್ತು. ಪಕ್ಕದ ರೂಮಿನವನ ಬಳಿ ಶಾರ್ಟ್‌ವೇವ್ ಸೆಟ್ಟಿತ್ತು. ಬಿಬಿಸಿ ಹಿಡಿದು ಕೇಳಿ, ತೀರಿಕೊಂಡರಂತೆ ಎಂದು ಹೇಳಿದ. ವಾರ್ಡನ್ ಬಂದು ಸುಳ್ಳುಸುದ್ದಿ ಹಬ್ಬಿಸಿದರೆ ಹೊರಗೆ ಹಾಕುತ್ತೇನೆಂದು ಗದರಿದರು. ಮೆಸ್ಸಿನ ರೇಡಿಯೋದಲ್ಲಿ ಸಿನಿಮಾ ಹಾಡು ನಿಂತು ಬರೀ ವಾದ್ಯ ಸಂಗೀತ ಬರತೊಡಗಿತು. ಏನೂ ಹೇಳುತ್ತಿಲ್ಲ, ಸಾರಂಗಿ ಮಾತ್ರ. ಆಕಾಶವಾಣಿ ಅಧಿಕೃತವಾಗಿ ಹೇಳಿದ್ದು ಸಂಜೆ ಆರಕ್ಕೆ. ಬಂಗಾಳದ ಪ್ರವಾಸದಲ್ಲಿದ್ದ ಸ್ವಂತ ಮಗ ರಾಜೀವ್ ಗಾಂಧಿಯೂ ಸುದ್ದಿಗಾಗಿ ಬಿಬಿಸಿಗೇ ಕಿವಿಗೊಟ್ಟಿದ್ದರು ಎಂಬುದನ್ನು ಮುಂದೆ ಓದಿದೆವು. ಆ ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಕಾರಣಗಳಿರಬಹುದು. ದೇಶದಲ್ಲಿ ಗಲಭೆಯಾದೀತು ಎಂಬ ಭಯ ನಿಜವೂ ಆಯಿತು. ಆದರೆ ಎಂಟು ಗಂಟೆ ಕಾಲ ಜನ ತಮ್ಮ ದೇಶದ ಸುದ್ದಿಯನ್ನು ಲಂಡನ್ನಿನಿಂದ ಕೇಳಿ ನಂಬಿದರಲ್ಲ, ಆ ಅಭ್ಯಾಸವನ್ನು ಅವರಿಗೆ ಕಲಿಸಿದ್ದು ತುರ್ತು ಪರಿಸ್ಥಿತಿಯ ಇಪ್ಪತ್ತೊಂದು ತಿಂಗಳು. ಹಣ ಕಳೆದುಕೊಂಡರೆ ಬಜೆಟ್ಟಿನಲ್ಲಿ ಬರುತ್ತದೆ, ಕಿವಿ ಕಳೆದುಕೊಂಡರೆ ಬರುವುದಿಲ್ಲ.

ಸ್ವಾಯತ್ತತೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಒಂದೇ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಬಾನುಲಿಯನ್ನು ಸರ್ಕಾರದಿಂದ ಬಿಡಿಸಿ ನಿಗಮ ಮಾಡಿ ಎಂದು ಮೊದಲು ಹೇಳಿದ್ದು ಅಶೋಕ್ ಚಂದಾ ಸಮಿತಿ. ಸಮಿತಿ ನೇಮಕವಾದಾಗ ವಾರ್ತಾ ಮಂತ್ರಿ ಇಂದಿರಾ ಗಾಂಧಿ. 1966ರಲ್ಲಿ ವರದಿ ಬರುವಾಗ ಅವರೇ ಪ್ರಧಾನಿ. ವರದಿ ಕಪಾಟಿಗೆ ಹೋಯಿತು. ಬೆಂಗಳೂರಿನ ಜೈಲಿನಲ್ಲಿದ್ದ ಅಡ್ವಾಣಿಯವರೇ 1977ರಲ್ಲಿ ವಾರ್ತಾ ಮಂತ್ರಿಯಾದರು. ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ ‘ಆಕಾಶ ಭಾರತಿ’ ಎಂಬ ರಾಷ್ಟ್ರೀಯ ಟ್ರಸ್ಟು ಮಾಡಿ, ಅದಕ್ಕೆ ಸಂವಿಧಾನದ ರಕ್ಷಣೆ ಕೊಡಿ ಎಂದಿತು. ಜನತಾ ಸರ್ಕಾರ ಅದನ್ನು ತೆಳ್ಳಗೆ ಮಾಡಿ 1979ರಲ್ಲಿ ಮಸೂದೆ ತಂದಿತು. ಸರ್ಕಾರ ಬಿತ್ತು, ಲೋಕಸಭೆ ವಿಸರ್ಜನೆಯಾಯಿತು, ಮಸೂದೆಯೂ ಹೋಯಿತು. ವಿ.ಪಿ. ಸಿಂಗ್ ಸರ್ಕಾರ 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಮಾಡಿತು. ಜಾರಿಗೆ ಬರಲು ಏಳು ವರ್ಷ ಹಿಡಿಯಿತು. 1997ರ ನವೆಂಬರ್ 23ರಂದು ನಿಗಮ ಹುಟ್ಟಿದಾಗ ಪ್ರಧಾನಿಯಾಗಿದ್ದವರು ಯಾರು ಗೊತ್ತೆ? 1975ರಲ್ಲಿ ಖಾತೆ ಕಳೆದುಕೊಂಡ ಅದೇ ಗುಜ್ರಾಲ್. ವಿರೋಧ ಪಕ್ಷದಲ್ಲಿರುವಾಗ ಎಲ್ಲರಿಗೂ ಸ್ವಾಯತ್ತತೆ ಬೇಕು. ಗದ್ದುಗೆ ಏರಿದ ಮೇಲೆ ಅದೇ ಮೈಕು ಕೈಗೆ ಹಿತವಾಗಿ ಕೂರುತ್ತದೆ.

ಕಾಯ್ದೆಯ 12ನೆಯ ಸೆಕ್ಷನ್ ಓದಿದರೆ ಕಣ್ಣು ತುಂಬಿ ಬರುತ್ತದೆ. ಮುಕ್ತವಾಗಿ, ಸತ್ಯವಾಗಿ, ವಸ್ತುನಿಷ್ಠವಾಗಿ ಸುದ್ದಿ ತಿಳಿಯುವುದು ಪ್ರಜೆಯ ಹಕ್ಕು, ಭಿನ್ನ ಅಭಿಪ್ರಾಯಗಳೂ ಬರಬೇಕು, ನಿಗಮ ತನ್ನದೇ ಸಿದ್ಧಾಂತ ಸಾರಬಾರದು ಎಂದಿದೆ. ಜನರ ದೂರು ಕೇಳಲು ಪ್ರಸಾರ ಪರಿಷತ್ತು, ಮೇಲೆ ನಿಗಾ ಇಡಲು ಸಂಸದೀಯ ಸಮಿತಿ ಎಂದೂ ಅದೇ ಕಾಯ್ದೆಯಲ್ಲಿದೆ. ಅವೆರಡೂ ಕಾಗದದಲ್ಲೇ ಉಳಿದವು. ಬದಲಾಗದೆ ಉಳಿದದ್ದು ಇನ್ನೊಂದು. ಆಕಾಶವಾಣಿ, ದೂರದರ್ಶನದ ಸುದ್ದಿ ವಿಭಾಗಗಳನ್ನು ನಡೆಸುವವರು ಭಾರತೀಯ ಮಾಹಿತಿ ಸೇವೆಯ ಅಧಿಕಾರಿಗಳು. ಅವರು ವಾರ್ತಾ ಸಚಿವಾಲಯದ ಕೇಡರಿನವರು. ಇವತ್ತು ಪತ್ರಿಕಾ ಮಾಹಿತಿ ಕಚೇರಿಯಲ್ಲಿ ಕೂತು ಸರ್ಕಾರದ ಪ್ರಕಟಣೆ ಬರೆಯುವವರು ನಾಳೆ ವರ್ಗವಾಗಿ ಬಂದು ಆ ಪ್ರಕಟಣೆ ಸುದ್ದಿ ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕು, ನಾಡಿದ್ದು ಮರಳಿ ಅಲ್ಲಿಗೇ ಹೋಗಬೇಕು. ಅವರಲ್ಲಿ ಎಂಥೆಂಥ ಪ್ರಾಮಾಣಿಕರನ್ನು ನಾನು ಬಲ್ಲೆ. ಆದರೂ ಮಾವನ ಮನೆಯ ಹಣದಲ್ಲಿ ಓದಿದ ಅಳಿಯನಿಗೆ ಮಾವನ ಮೇಲೆ ತೀರ್ಪು ಬರೆ ಎಂದರೆ ಹೇಗೆ?

ಇದು ಒಂದು ಪಕ್ಷದ ರೋಗ ಎಂದು ಯಾರಾದರೂ ಈ ಸಭೆಯಿಂದ ಮನೆಗೆ ಹೋದರೆ ನನ್ನ ಶ್ರಮ ವ್ಯರ್ಥ. 2014ರ ಏಪ್ರಿಲಿನಲ್ಲಿ, ಯುಪಿಎ ಸರ್ಕಾರವಿದ್ದಾಗ, ದೂರದರ್ಶನ ನರೇಂದ್ರ ಮೋದಿಯವರ ಸಂದರ್ಶನ ಮಾಡಿ ಕೆಲವು ಭಾಗ ಕತ್ತರಿಸಿ ಹಾಕಿತು. ಪ್ರಸಾರ ಭಾರತಿಯ ಮುಖ್ಯಸ್ಥ ಜವಾಹರ್ ಸರ್ಕಾರ್ ಅವರು, ಸಚಿವಾಲಯ ಸುದ್ದಿ ವಿಭಾಗಕ್ಕೆ ಸ್ವಾತಂತ್ರ್ಯ ಕೊಟ್ಟೇ ಇಲ್ಲ ಎಂಬ ಅಸಮಾಧಾನವನ್ನು ಮಂಡಳಿಗೆ ಬರೆದರು. ಸರ್ಕಾರ ಬದಲಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆರೆಸ್ಸೆಸ್ ಮುಖ್ಯಸ್ಥರ ವಿಜಯದಶಮಿ ಭಾಷಣ ದೂರದರ್ಶನದಲ್ಲಿ ನೇರ ಪ್ರಸಾರವಾಯಿತು. 2017ರ ಆಗಸ್ಟಿನಲ್ಲಿ ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಸ್ವಾತಂತ್ರ್ಯ ದಿನದ ಭಾಷಣ ಪ್ರಸಾರವಾಗಲಿಲ್ಲ, ತಿದ್ದಿಕೊಡಿ ಎಂದರು, ಅವರು ತಿದ್ದಲಿಲ್ಲ.

2024ರ ಲೋಕಸಭಾ ಚುನಾವಣೆಯ ಪ್ರಸಂಗವಂತೂ ಅನುವಾದಕನಾದ ನನಗೆ ಹಬ್ಬ. ಮಾನ್ಯತೆ ಪಡೆದ ಪಕ್ಷಗಳಿಗೆ ಚುನಾವಣೆಯ ಹೊತ್ತಿನಲ್ಲಿ ಆಕಾಶವಾಣಿ, ದೂರದರ್ಶನದಲ್ಲಿ ಮಾತಾಡಲು ಸಮಯ ಸಿಗುತ್ತದೆ. ಸಿಪಿಎಂನ ಸೀತಾರಾಮ್ ಯೆಚೂರಿಯವರ ಇಂಗ್ಲಿಷ್ ಭಾಷಣದಲ್ಲಿ ‘ಕೋಮುವಾದಿ ಸರ್ವಾಧಿಕಾರಿ ಆಡಳಿತ’, ‘ಕರಾಳ ಕಾನೂನು’ ಎಂಬರ್ಥದ ಮಾತುಗಳನ್ನು ತೆಗೆಸಿದರು. ಆಡಳಿತದ ‘ದಿವಾಳಿತನ’ ಎಂಬುದನ್ನು ‘ವೈಫಲ್ಯ’ ಎಂದು ಮಾಡಿಸಿದರು. ಫಾರ್ವರ್ಡ್ ಬ್ಲಾಕಿನ ದೇವರಾಜನ್ ಅವರಿಗೆ ‘ಮುಸ್ಲಿಮರು’ ಎಂಬ ಪದ ಬಿಡಿ ಎಂದರು. ತಮಾಷೆ ಏನೆಂದರೆ, ತಮ್ಮ ಭಾಷಣದ ಹಿಂದಿ ಅನುವಾದದಲ್ಲಿ ಕತ್ತರಿಸಿದವರಿಗೆ ಯಾವ ತಪ್ಪೂ ಕಾಣಲಿಲ್ಲ ಎಂದು ಯೆಚೂರಿಯವರೇ ಹೇಳಿದರು. ಸರ್ಕಾರದ ಕತ್ತರಿಗೂ ಭಾಷೆಯಿಂದ ಭಾಷೆಗೆ ಹರಿತ ಬೇರೆ! ಸಮರ್ಥನೆಗೆ ಇದ್ದದ್ದು ಮಾರ್ಗಸೂಚಿ. 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಆಕಾಶವಾಣಿಯ ಸಂಹಿತೆಯ ವಂಶದ್ದು ಅದು. ಹೆಸರು ಹಿಡಿದು ಪಕ್ಷವನ್ನು ಟೀಕಿಸಬಾರದು, ಕೇಂದ್ರವನ್ನಾಗಲಿ ರಾಜ್ಯವನ್ನಾಗಲಿ ಕಟುವಾಗಿ ಖಂಡಿಸಬಾರದು ಎಂಬ ಸಾಲುಗಳು ಆ ಸಂಹಿತೆಯಲ್ಲಿದ್ದವು. ಸರ್ಕಾರವನ್ನು ಹೊಗಳಬಾರದು ಎಂಬ ಸಾಲು ಇರಲಿಲ್ಲ.

ಹಾಗಾದರೆ ಇಬ್ಬರನ್ನೂ ಸಮನಾಗಿ ಕೂರಿಸಿಬಿಟ್ಟರೆ ಆಯಿತಲ್ಲ ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಅದೂ ಅಪಾಯದ ದಾರಿ. ಹವಾಮಾನ ಬದಲಾವಣೆಯ ವಿಷಯದಲ್ಲಿ ಬಿಬಿಸಿ ವರ್ಷಗಟ್ಟಲೆ ವಿಜ್ಞಾನಿಯ ಎದುರಿಗೆ ಅದನ್ನು ಅಲ್ಲಗಳೆಯುವವರನ್ನು ಕೂರಿಸಿ ಸಮತೋಲ ಎಂದುಕೊಂಡಿತು. ಕೊನೆಗೆ 2018ರಲ್ಲಿ, ಹಾಗೆ ಕೂರಿಸಬೇಕಾಗಿಲ್ಲ ಎಂದು ತನ್ನ ಸಿಬ್ಬಂದಿಗೆ ತಿಳಿಹೇಳಬೇಕಾಯಿತು. ಒಬ್ಬ ಮಳೆ ಬರುತ್ತಿದೆ ಅಂದ, ಇನ್ನೊಬ್ಬ ಇಲ್ಲ ಅಂದ ಎಂದರೆ ಇಬ್ಬರಿಗೂ ಎರಡೆರಡು ನಿಮಿಷ ಕೊಡುವುದು ಸುದ್ದಿಗಾರನ ಕೆಲಸವಲ್ಲ, ಕಿಟಕಿ ತೆಗೆದು ಕೈ ಚಾಚಿ ನೋಡಬೇಕು. ನನ್ನ ಆ ಬರಗಾಲದ ಸುದ್ದಿಯಲ್ಲೂ ನಿಜವಾಗಿ ಬೇಕಿದ್ದುದು ಇಬ್ಬರಿಗೂ ಒಂದೇ ಕ್ರಿಯಾಪದ ಮಾತ್ರವಲ್ಲ. ಯಾರಾದರೂ ಒಬ್ಬರು ದನದ ಸಂತೆಗೆ ಹೋಗಿ ಬರಬೇಕಿತ್ತು. ಸಂತೆ ಇದ್ದದ್ದು ನಮ್ಮ ಕಟ್ಟಡದಿಂದ ಬಸ್ಸಿನಲ್ಲಿ ಒಂದು ಗಂಟೆ. ಮೂವತ್ತು ವರ್ಷದ ನಂತರ ನನಗೆ ಹೊಳೆಯುವುದು ಅದು.

ಬಿಬಿಸಿಯೂ ಎಡವಿದೆ ಎಂಬುದಕ್ಕೆ ಹಳೆಯ ಕಾಲಕ್ಕೇ ಹೋಗಬೇಕಾಗಿಲ್ಲ. ಟ್ರಂಪ್ ಅವರ 2021ರ ಜನವರಿ 6ರ ಭಾಷಣದ ದೂರದೂರದ ಎರಡು ತುಣುಕುಗಳನ್ನು ಒಂದೇ ಉಸಿರಿನ ಮಾತೆಂಬಂತೆ ಜೋಡಿಸಿ ‘ಪನೋರಮಾ’ ಕಾರ್ಯಕ್ರಮ ಪ್ರಸಾರ ಮಾಡಿತು. ಅದರ ರಂಪ ಬೆಳೆದು 2025ರ ನವೆಂಬರಿನಲ್ಲಿ ಮಹಾನಿರ್ದೇಶಕ ಟಿಮ್ ಡೇವಿ, ಸುದ್ದಿ ಮುಖ್ಯಸ್ಥೆ ಡೆಬೊರಾ ಟರ್ನೆಸ್ ಇಬ್ಬರೂ ರಾಜೀನಾಮೆ ಕೊಟ್ಟರು. ಬಿಬಿಸಿಯನ್ನು ಕಂಡರಾಗದವರು ಇದನ್ನು ಎತ್ತಿ ಆಡಿದರು. ನಾನು ನೋಡುವುದು ಬೇರೆ: ತಪ್ಪು ಮಾಡಿದವರಿಗೆ ಹೊಣೆ ಹೊರಬೇಕಾಯಿತು. ನಮ್ಮಲ್ಲಿ ‘ಬಾಬಿ’ಗೆ, ‘ಲಘು ಲಾಠಿ’ಗೆ, 2014ರ ಕತ್ತರಿಗೆ, 2024ರ ಕತ್ತರಿಗೆ ಯಾವ ಮುಖ್ಯಸ್ಥರ ರಾಜೀನಾಮೆಯನ್ನು ನೀವು ಕೇಳಿದ್ದೀರಿ?

ಇದೆಲ್ಲ ಹಳೇ ರೇಡಿಯೋದ ಗೋಳು, ಈಗ ಯಾರು ಕೇಳುತ್ತಾರೆ ಎನ್ನಬೇಡಿ. ಈ ದೇಶದಲ್ಲಿ ಇವತ್ತಿಗೂ ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿ ಓದುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ಸುದ್ದಿಯನ್ನೇ ಒಂದಕ್ಷರ ಬದಲಿಸದೆ ಹಾಕಬಹುದು. ಬಾನಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಆದರೂ ರೇಡಿಯೋದ ಸುದ್ದಿಗೆ ಒಬ್ಬನೇ ಒಡೆಯ. ಗದ್ದೆಯಲ್ಲಿ, ಟೆಂಪೋದಲ್ಲಿ, ಮೊಬೈಲ್ ಸಿಗ್ನಲ್ ಸಿಗದ ಮಲೆನಾಡಿನ ಮೂಲೆಯಲ್ಲಿ ಇನ್ನೂ ಕೇಳುವವರಿದ್ದಾರೆ. ಅವರಿಗೆ ಬೇರೆ ಸ್ಟೇಷನ್ನಿಗೆ ತಿರುಗಿಸುವ ಸೌಲಭ್ಯವಿಲ್ಲ.

ಸುದ್ದಿ ವಿಭಾಗಕ್ಕೆ ಸಚಿವಾಲಯದ ಕೇಡರಿನಿಂದ ಹೊರಗಿನ, ತನ್ನದೇ ಆದ ಸಂಪಾದಕ ವರ್ಗ ಬೇಕು. ಕಾಯ್ದೆಯಲ್ಲಿ ಈಗಾಗಲೇ ಇರುವ ಪ್ರಸಾರ ಪರಿಷತ್ತನ್ನು ನಿಜವಾಗಿ ರಚಿಸಬೇಕು. ಇವೆರಡನ್ನು ಯಾವ ಸರ್ಕಾರ ಮಾಡಿದರೂ ನಾನು ಅದಕ್ಕೆ ಓಟು ಹಾಕಲು ಸಿದ್ಧ, ನನ್ನ ಪಕ್ಷ ಯಾವುದಾದರೂ ಇರಲಿ. ಇದನ್ನು ಹೇಳಿ ಮೂರು ದಶಕವಾಯಿತು, ಹೇಳುತ್ತಲೇ ಇರಬೇಕು.

ಅಲ್ಲಿಯವರೆಗೆ ಮೇಷ್ಟ್ರು ಮಾಡಿದ್ದನ್ನು ಮಾಡೋಣ. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಹದಿನೈದು ದಿನ ಒಂದೇ ಹೊತ್ತಿನ ಕನ್ನಡ ವಾರ್ತೆ ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಮೂರು ಕಂಬ ಮಾಡಿ: ಯಾರ ಹೆಸರು ಮೊದಲು ಬಂತು, ಅವರಿಗೆ ಯಾವ ಕ್ರಿಯಾಪದ ಸಿಕ್ಕಿತು, ಆ ದಿನದ ಪತ್ರಿಕೆಯಲ್ಲಿ ಮುಖಪುಟದಲ್ಲಿದ್ದು ವಾರ್ತೆಯಲ್ಲಿ ಬಾರದ ಸುದ್ದಿ ಯಾವುದು. ಮೂರನೆಯ ಕಂಬವನ್ನು ಬಿಡಬೇಡಿ, ಮೇಷ್ಟ್ರ ಕಾರ್ಡಿನಲ್ಲಿ ಅದು ಇರಲಿಲ್ಲ. ಸರ್ಕಾರ ಬದಲಾದ ಮೇಲೆ ಮತ್ತೊಮ್ಮೆ ಎಣಿಸಿ. ಎರಡೂ ಲೆಕ್ಕವನ್ನು ಕೇಂದ್ರಕ್ಕೆ ಬರೆದು ಕಳಿಸಿ. ನನ್ನಂಥ ಯಾರೋ ಒಬ್ಬ ಕ್ಯಾಶುಯಲ್ ಅನುವಾದಕನ ಮೇಜಿಗೆ ಅದು ಬಂದು ಬೀಳುತ್ತದೆ. ಅವನು ಉತ್ತರ ಬರೆಯದೆ ಇರಬಹುದು, ಆದರೆ ಮರುದಿನ ‘ಆರೋಪಿಸಿದ್ದಾರೆ’ ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ನನ್ನದು ನಿಂತಿದೆ.

ಅಂಚೆ ಕಾರ್ಡಿಗೆ ಈಗಲೂ ಐವತ್ತೇ ಪೈಸೆ.